ಸಾಯುವುದರಲ್ಲಿ ಎತ್ತಿದ ಕೈ

ಮಿಯಾವ್ ಸುಯುನ್ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಶಾಂಘೈಯ ಪತ್ರಿಕೆಯೊಂದು ಅವಳಿಗೆ ಎರಡು ಸಾಲು ಕೊಟ್ಟಿತು: ಮೂಕಿ ಚಿತ್ರಗಳ ಕಾಲದ ನಟಿ, ಶಿಸ್ತಿಲ್ಲದೆ ದೊಡ್ಡ ಅವಕಾಶ ಕಳೆದುಕೊಂಡವಳು. ಪಕ್ಕದ ಮನೆಯವರಿಂದ ಓದಿಸಿ ಕೇಳಿದ ನನಗೆ ಮೈಯೆಲ್ಲ ಉರಿಯಿತು. ಆ ಹಾಳೆಯಲ್ಲಿ ಒಣಮೀನು ಸುತ್ತಿಟ್ಟೆ. ಸುಯುನ್ ಶಿಸ್ತಿಲ್ಲದವಳಂತೆ! ಅವಳನ್ನು ಅವಳ ಹತ್ತನೇ ವರ್ಷದಿಂದ ನೋಡಿದವಳು ನಾನು. ಉಡುಪಿನ ಪೆಟ್ಟಿಗೆಗಳನ್ನು ಕಾಯುವುದು ನನ್ನ ಕೆಲಸವಾಗಿತ್ತು, ಅದಕ್ಕೇ ಕೊನೆಯವರೆಗೂ ಅವಳು ನನ್ನನ್ನು ಪೆಟ್ಟಿಗೆಯಕ್ಕ ಎಂದೇ ಕರೆದಳು. ಆ ಅವಕಾಶ ಹೇಗೆ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತು. ಪತ್ರಿಕೆಯವನು ಬಂದು ಕೇಳಲಿಲ್ಲ. ನೀವಾದರೂ ಕೇಳಿ.

ಅವಳು ನಮ್ಮ ನಾಟಕ ಕಂಪನಿಗೆ ಬಂದದ್ದು ಚಕ್ರವರ್ತಿಗಳ ಕಾಲ ಮುಗಿಯುವುದಕ್ಕೆ ಎರಡು ವರ್ಷ ಮೊದಲು. ಊರು ಸಾಂಗ್‌ತಾಂಗ್, ಹೂಚೌ ಕಡೆಯ ಕಾಲುವೆ ಊರು. ಅಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರೂ ಆಚಾನ್, ಅಂದರೆ ರೇಷ್ಮೆ ಹುಳುವೇ. ಅಪ್ಪ ಸತ್ತ ವರ್ಷವೇ ಹುಳುಗಳಿಗೂ ರೋಗ ಬಿತ್ತು. ಮನೆಯ ಯಜಮಾನಿಕೆ ದೊಡ್ಡಪ್ಪನ ಕೈಗೆ ಹೋಯಿತು. ಆ ಮಹಾನುಭಾವ ತಮ್ಮನ ಮಗಳನ್ನು ನಮ್ಮ ಹೆಂಗಸರ ನಾಟಕ ಕಂಪನಿಯ ಒಡತಿಗೆ ಎಂಟು ವರ್ಷಕ್ಕೆ ಬರೆದುಕೊಟ್ಟ. ಬೆಳ್ಳಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಲೇ ಹೇಳಿದ, "ಆಟದವಳಾದ ಮೇಲೆ ಇವಳು ನಮ್ಮನೆ ಹೊಸಿಲು ತುಳೀಬಾರದು. ಹಿರಿಯರ ಹೆಸರಿನ ಫಲಕ ಇಟ್ಟಿರೋ ಮನೆ ಅದು."

ಒಡತಿ ನಕ್ಕುಬಿಟ್ಟಳು. "ಆಗ್ಲಿ ಯಜಮಾನ್ರೆ, ನಿಮ್ಮ ಹೊಸಿಲು ನಿಮ್ಮ ಹತ್ರಾನೇ ಇರ್ಲಿ."

ಹುಡುಗಿ ನಗಲಿಲ್ಲ. ಆ ದಿನದಿಂದ ಅವಳಿಗೆ ಬೇಕಾಗಿದ್ದುದು ಅದೊಂದೇ, ಆ ಹೊಸಿಲು ದಾಟಿ ಒಳಗೆ ಹೋಗುವುದು. ಬೇರೆ ಹುಡುಗಿಯರು ಬಳೆ ಕೇಳಿದರು, ಕಲ್ಲುಸಕ್ಕರೆ ಕೇಳಿದರು. ಇವಳು ನಾನು ಅಂಗಿಯ ತೋಳು ಹೊಲಿಯುತ್ತ ಕೂತಿರುವಾಗ ಪಕ್ಕಕ್ಕೆ ಬಂದು ಕೂತು ಕೇಳುತ್ತಿದ್ದಳು, "ಪೆಟ್ಟಿಗೆಯಕ್ಕ, ತುಂಬಾ ದೊಡ್ಡ ನಟಿ ಆದ್ರೆ ಒಳಗೆ ಬಿಡ್ತಾರಾ?"

"ನಿಮ್ಮಮ್ಮ ಏನಂದ್ಲು?"

"ಏನೂ ಅನ್ನಲಿಲ್ಲ. ದೋಣಿ ಹತ್ತೋಕೆ ಮುಂಚೆ ಜಡೆ ಹಾಕಿದ್ಲು, ಅಷ್ಟೆ."

ಆ 'ಏನೂ ಅನ್ನಲಿಲ್ಲ' ಎಂಬುದು ಅವಳೊಳಗೆ ಮುಳ್ಳಾಗಿ ಕೂತಿತ್ತು. ದೊಡ್ಡಪ್ಪ ಬೈದದ್ದನ್ನು ಅವಳು ಎಂದೋ ನುಂಗಿಕೊಂಡಿದ್ದಳು. ಅಮ್ಮ ಸುಮ್ಮನಿದ್ದದ್ದನ್ನು ನುಂಗಲು ಆಗಿರಲಿಲ್ಲ. ತನ್ನನ್ನು ಕಂಡರೆ ಅಮ್ಮನಿಗೂ ನಾಚಿಕೆಯೇನೋ ಎಂದು ಎಷ್ಟೋ ಸಲ ನನ್ನನ್ನು ಕೇಳಿದ್ದಳು. ನಾನೇನು ಹೇಳಲಿ, ಆ ತಾಯಿಯನ್ನು ನಾನು ನೋಡಿಯೇ ಇರಲಿಲ್ಲ.

ಎಂಟು ವರ್ಷ ಮುಗಿದ ಮೇಲೆ, ಅವಳಿಗೆ ಹತ್ತೊಂಬತ್ತಾದಾಗ, ಒಂದು ಸಲ ಊರಿಗೆ ಹೋದಳು. ನಾನೂ ಜೊತೆಗಿದ್ದೆ. ಎರಡು ಹೊರೆ ಬಟ್ಟೆ, ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಹ್ಯಾಮು, ಸಕ್ಕರೆ ಹೊತ್ತುಕೊಂಡು ಬಾಗಿಲಿಗೆ ಹೋದರೆ ದೊಡ್ಡಪ್ಪ ಹೊಸಿಲ ಮೇಲೇ ಮಣೆ ಹಾಕಿಕೊಂಡು ಕೂತ. ಹ್ಯಾಮನ್ನು ಮಾತ್ರ ಒಳಗೆ ಕಳಿಸಿದ. ಒಳಗಿನಿಂದ ರೇಷ್ಮೆ ಬಿಚ್ಚುವ ರಾಟೆಯ ಸದ್ದು ಬರುತ್ತಿತ್ತು. ಸುಯುನ್ "ಅಮ್ಮಾ" ಎಂದು ಒಂದು ಸಲ ಕರೆದಳು. ರಾಟೆ ನಿಂತಿತು. ಮತ್ತೆ ತಿರುಗತೊಡಗಿತು. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ನಾವು ವಾಪಸು ಬಂದೆವು. ದೋಣಿಯಲ್ಲಿ ಅವಳು ಅಳಲಿಲ್ಲ. ನಾನು ಇಬ್ಬರ ಪಾಲಿನದೂ ಅತ್ತೆ, ಆ ಮುದುಕನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಅದೇನೂ ತಟ್ಟಲಿಲ್ಲ, ಅವನು ಕಲ್ಲಿನ ಹಾಗೆ ಬದುಕಿದ.

ಇತ್ತ ಅವಳ ಗಂಟಲು ಹದಿನಾರಕ್ಕೇ ಕೈಕೊಟ್ಟಿತ್ತು. ಗಂಟಲು ಒಡೆಯುವುದು ಹಾಡುವ ಹುಡುಗಿಯರಿಗೆಲ್ಲ ಇರುವ ಗಂಡಾಂತರ. ಕೆಲವರದು ಆರು ತಿಂಗಳಲ್ಲಿ ಮರಳುತ್ತದೆ, ಇವಳದು ಮರಳಲಿಲ್ಲ. ಹಾಡದ ನಟಿ ನಮ್ಮ ರಂಗದಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಒಡತಿ ಅವಳಿಗೆ ಸಾಯುವ ಪಾತ್ರಗಳನ್ನು ಕೊಟ್ಟಳು. ಬಾಣ ತಾಗಿ, ವಿಷ ಕುಡಿದು, ಎದೆಯೊಡೆದು ಬೀಳುವವರು. ಹಲಗೆ ನಿಲ್ಲಿಸಿ ಕೈಬಿಟ್ಟ ಹಾಗೆ, ಮಂಡಿ ಮಡಚದೆ, ನೆಟ್ಟಗೆ ಬೆನ್ನ ಮೇಲೆ ಬೀಳಬೇಕು. ಗಂಡಸರ ಕಂಪನಿಗಳಲ್ಲೂ ಅವಳ ಹಾಗೆ ಬೀಳುವವರು ಇರಲಿಲ್ಲ. ಸಾಯುವುದರಲ್ಲಿ ಎತ್ತಿದ ಕೈ ಎಂದು ಹೆಸರಾದಳು. ಬಟ್ಟೆಯ ಬೆನ್ನಿಗೆ ಹತ್ತಿ ತುಂಬಿ ಹೊಲಿದು ಹೊಲಿದು ನನ್ನ ಬೆರಳು ಜಡ್ಡುಗಟ್ಟಿತು.

ಇಲ್ಲಿ ಒಂದು ಮಾತು. ನಮ್ಮ ರಂಗದಲ್ಲಿ ಸತ್ತವರು ಎದ್ದು ಹೋಗುತ್ತಾರೆ. ಪರದೆ ಬೀಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸತ್ತವರು ನಡುವೆ ಬಿದ್ದುಕೊಂಡೇ ಇದ್ದರೆ ಮುಂದಿನವರು ಕುಣಿಯುವುದೆಲ್ಲಿ? ಹಾಗಾಗಿ ಬಿದ್ದವರು ನಾಲ್ಕು ಉಸಿರು ಎಣಿಸಿ, ಎದ್ದು, ಬೆನ್ನು ಕೊಡವಿಕೊಂಡು, ಎಲ್ಲರ ಕಣ್ಣೆದುರೇ ನಡೆದು ಒಳಗೆ ಹೋಗುತ್ತಾರೆ. ನೋಡುವವರು ಅತ್ತ ಗಮನ ಕೊಡದೆ ಕಲ್ಲಂಗಡಿ ಬೀಜ ಸುಲಿಯುತ್ತಾರೆ. ಹುಟ್ಟಿದಾಗಿನಿಂದ ನಾವು ನೋಡಿದ ನಾಟಕವೆಲ್ಲ ಹಾಗೇ.

ಅವಳಿಗೆ ಇಪ್ಪತ್ತನಾಲ್ಕಾದಾಗ ಲೂ ಎಂಬ ಸಿನಿಮಾ ನಿರ್ದೇಶಕ ನಮ್ಮ ಆಟಕ್ಕೆ ಬಂದ. ಕನ್ನಡಕದ, ಸದಾ ಸಿಡುಕುವ ಮನುಷ್ಯ. ಅವಳು ಬೀಳುವುದನ್ನು ಎರಡು ಸಲ ನೋಡಿ ಮೂರನೇ ದಿನ ಕರೆಸಿಕೊಂಡ. ಸಿನಿಮಾ ಆಗ ಮೂಕಿ, ಗಂಟಲು ಯಾರಿಗೆ ಬೇಕು? ಅವಳ ಜೊತೆ ನಾನೂ ಪೆಟ್ಟಿಗೆ ಹೊತ್ತು ಸ್ಟುಡಿಯೋ ಸೇರಿದೆ. ಸ್ಟುಡಿಯೋ ಎಂದರೆ ಗಾಜಿನ ಚಾವಣಿಯ ದೊಡ್ಡ ಕೊಟ್ಟಿಗೆ. ಮೋಡ ಬಂದರೆ ಕೆಲಸ ನಿಂತಿತು, ಬಿಸಿಲು ಬಂದರೆ ಎಲ್ಲರೂ ಬೆಂದರು.

ಮೊದಲ ದಿನವೇ ಅವಳು ಎಡವಟ್ಟು ಮಾಡಿಕೊಂಡಳು. ಗಂಡನ ಶವದ ಮೇಲೆ ಬಿದ್ದು ಪ್ರಾಣ ಬಿಡಬೇಕು. ಬಿದ್ದಳು, ಬಿಟ್ಟಳು. ಕ್ಯಾಮೆರಾದವನು ಹಿಡಿ ತಿರುಗಿಸುತ್ತಲೇ ಇದ್ದ. ಇವಳು ನಾಲ್ಕು ಉಸಿರು ಎಣಿಸಿ, ಎದ್ದು, ಬೆನ್ನು ಕೊಡವಿಕೊಂಡು, ಕ್ಯಾಮೆರಾ ಎದುರೇ ಗಂಭೀರವಾಗಿ ನಡೆದು ಹೋದಳು.

ಲೂ ಟೋಪಿ ಕಿತ್ತು ನೆಲಕ್ಕೆ ಬಡಿದ. "ಏಳು ಅಂತ ಯಾರಮ್ಮ ಹೇಳಿದ್ದು ನಿನಗೆ?"

"ಸತ್ತಾಯ್ತಲ್ಲ ಯಜಮಾನ್ರೆ, ಇನ್ನೇನು ಕೆಲಸ ನಂಗಲ್ಲಿ?"

"ಇಲ್ಲಿ ಸತ್ತವರು ಸತ್ತೇ ಇರ್ಬೇಕು ತಾಯಿ. ನಾನು ಸಾಕು ಅನ್ನೋವರೆಗೂ ಸಾಯ್ತಾನೇ ಇರು."

ಕೊಟ್ಟಿಗೆಯೆಲ್ಲ ನಕ್ಕಿತು. ಒಂದು ತಿಂಗಳು ಅವಳನ್ನು ಕಂಡಲ್ಲಿ "ಎದ್ಯಾ?" ಎಂದೇ ಕೇಳಿದರು. ಅವಳು ಬೇಗ ಕಲಿತಳು. ಐದು ವರ್ಷದಲ್ಲಿ ಒಂಬತ್ತು ಚಿತ್ರಗಳಲ್ಲಿ ಸತ್ತಳು. ಎಂಟನೆಯದರಲ್ಲಿ ಹಿಮದಲ್ಲಿ ಬಿದ್ದು ಸಾಯುವ ಬಡ ಸೊಸೆ. ಅದನ್ನು ನೋಡಿ ಶಾಂಘೈಯ ಹೆಂಗಸರು ಕರವಸ್ತ್ರ ಹಿಂಡಿಕೊಂಡರು. ಹತ್ತನೆಯದಕ್ಕೆ ಲೂ ಅವಳನ್ನು ಸಾಯಿಸಲಿಲ್ಲ, ನಾಯಕಿಯನ್ನೇ ಮಾಡಿದ. ಮಂತ್ರಿಯ ಮಗಳು, ಕೊನೆಯವರೆಗೂ ಬದುಕುವವಳು. ಗೋಡೆಗೆ ಅಂಟಿಸುವ ಜಾಹೀರಾತುಗಳಲ್ಲಿ ಮೊದಲ ಬಾರಿಗೆ ಅವಳ ಹೆಸರು ಎಲ್ಲರಿಗಿಂತ ಮೇಲೆ.

ಆ ದಿನಗಳಲ್ಲೇ ಊರೂರಿಗೆ ಚಿತ್ರ ಹೊತ್ತೊಯ್ದು ತೋರಿಸುವವನೊಬ್ಬ ಸ್ಟುಡಿಯೋಗೆ ಬಂದ. ಹೂಚೌ ಕಡೆ ಹೋಗುತ್ತೇನೆ, ಸಾಂಗ್‌ತಾಂಗ್‌ನಲ್ಲೂ ಒಂದು ದಿನ ಆಟ ಇದೆ ಎಂದ. ತೆಗೆದುಕೊಂಡು ಹೋದದ್ದು ಆ ಹಿಮದಲ್ಲಿ ಸಾಯುವ ಚಿತ್ರವನ್ನೇ. ಸುಯುನ್ ಬೀದಿಯ ಬರಹಗಾರನಿಂದ ಒಂದು ಕಾಗದ ಬರೆಸಿದಳು: ಅಮ್ಮ, ನಾನು ಬರುವ ಹಾಗಿಲ್ಲ. ಈ ಚಿತ್ರದಲ್ಲಿ ನಾನಿದ್ದೇನೆ. ಒಂದು ಸಲ ನೋಡು. ಅದನ್ನು ಅವನ ಕೈಗೆ ಕೊಟ್ಟು, ಅಮ್ಮನಿಗೆ ಓದಿ ಹೇಳಬೇಕೆಂದು ಹತ್ತು ಸಲ ಹೇಳಿದಳು. ತಾನು ಹೊಸಿಲು ತುಳಿಯಬಾರದ ಊರಿಗೆ ತನ್ನ ನೆರಳಾದರೂ ಹೋಗುತ್ತದಲ್ಲ ಎಂದು ನಾಲ್ಕು ದಿನ ಅವಳ ಮುಖ ಅರಳಿಕೊಂಡೇ ಇತ್ತು.

ಅಲ್ಲಿ ನಡೆದದ್ದನ್ನು ಆ ಮುಠ್ಠಾಳನೇ ಆಮೇಲೆ ತಲೆ ಕೆರೆದುಕೊಳ್ಳುತ್ತ ನನಗೆ ಹೇಳಿದ. ಸಾಂಗ್‌ತಾಂಗ್‌ನ ನಾಟಕದ ಕಟ್ಟೆ ಕಾಲುವೆಯ ಮೇಲೇ ಇದೆ, ಜನ ದೋಣಿಗಳಲ್ಲಿ ಕೂತು ನೋಡುತ್ತಾರೆ. ಬಿಳಿ ಬಟ್ಟೆಯನ್ನು ಆ ಕಟ್ಟೆಗೇ ಕಟ್ಟಿದ್ದ. ಸುಯುನ್‌ಳ ತಾಯಿ ಪಕ್ಕದ ಮನೆಯವಳ ದೋಣಿಯಲ್ಲಿ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದಳಂತೆ. ಮಗಳು ಬಟ್ಟೆಯ ಮೇಲೆ ಬಂದಾಗ ಗುರುತು ಹಿಡಿದಳು. ಮಗಳು ಹಿಮದಲ್ಲಿ ಬಿದ್ದಳು. ಕಣ್ಣು ಮುಚ್ಚಿದಳು. ತಾಯಿ ಕಾದಳು. ಮಗಳು ಏಳಲಿಲ್ಲ. ಬಟ್ಟೆ ಬೆಳ್ಳಗಾಯಿತು, ಜನ ಎದ್ದು ಹೊರಟರು, ಇವಳು ದೋಣಿ ಬಿಡಲೊಲ್ಲಳು.

"ಯಾವಾಗಪ್ಪ ಏಳೋದು ಅವಳು?" ಎಂದು ಕೇಳಿದಳಂತೆ.

"ಸತ್ತವಳು ಎಲ್ಲಿ ಏಳ್ತಾಳಜ್ಜಿ? ದೋಣಿ ಸರಿಸಿ, ನಂಗೆ ಗಂಟು ಕಟ್ಟೋದಿದೆ."

"ಎಲ್ಲಿ ಸತ್ತಿದ್ದು?"

"ಶಾಂಘೈನಲ್ಲಿ, ಗಾಜಿನ ಮನೇಲಿ," ಎಂದು ಇವನು ನಗುತ್ತ ರಸ್ತೆಯ ಹೆಸರನ್ನೂ ಹೇಳಿದ. ತಮಾಷೆ ಮಾಡುತ್ತಿದ್ದಾಳೆಂದು ಅವನು ತಿಳಿದ. ಐವತ್ತು ವರ್ಷ ಆ ಕಟ್ಟೆಯ ಮುಂದೆ ಕೂತು, ಸತ್ತವರೆಲ್ಲ ಎದ್ದು ನಡೆದುಹೋಗುವುದನ್ನು ನೋಡಿದ ಹೆಂಗಸು ಅವಳು. ಎದ್ದವರು ನಟರು, ಏಳದವರು ನಿಜಕ್ಕೂ ಹೋದವರು. ಅದೂ ಅಲ್ಲದೆ ಆ ಊರಲ್ಲಿ ಫೋಟೋ ಎಂದರೆ ಸತ್ತವರ ಪೂಜೆಗೆ ಇಡುವುದು. ಹಾಗಿರುವಾಗ ಮಗಳೇ ಕಾಗದ ಬರೆಸಿ, ಬರುವ ಹಾಗಿಲ್ಲ, ಒಂದು ಸಲ ನೋಡು ಎಂದು ಹೇಳಿ ಕಳಿಸಿದರೆ ಆ ತಾಯಿ ಬೇರೆ ಏನು ತಿಳಿಯಬೇಕು?

ಹತ್ತನೆಯ ಚಿತ್ರದ ನಾಲ್ಕನೇ ದಿನ. ಮೂರನೇ ತಿಂಗಳ ಒಳ್ಳೆಯ ಬಿಸಿಲು. ಸುಯುನ್ ಮುಖಕ್ಕೆ ಬಿಳಿ, ತುಟಿಗೆ ಕಪ್ಪು ಬಳಿದುಕೊಂಡು, ಬೆಳ್ಳಿ ಕಸೂತಿಯ ನಿಲುವಂಗಿ ತೊಟ್ಟು ನಿಂತಿದ್ದಳು. ಆ ನಿಲುವಂಗಿ ಸ್ಟುಡಿಯೋದವರು ಬಾಡಿಗೆಗೆ ತಂದದ್ದು, ಅದರ ಒಂದು ದಾರ ಹೋದರೂ ನನ್ನ ತಲೆ ಹೋಗುತ್ತಿತ್ತು. ಲೂ ಕೈ ಎತ್ತಿದ್ದ. ಗೇಟಿನ ಹೊರಗಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ಆಚಾನ್, ಮನೆಗೆ ಬಾ. ಇಲ್ಲಿ ನಿಲ್ಲಬೇಡ ಕಂದ. ಮನೆಗೆ ಬಾ."

ಕಾವಲಿನವನು ಗದರಿದ. "ಹೋಗಜ್ಜಿ, ಇಲ್ಲಿ ಯಾರೂ ಸತ್ತಿಲ್ಲ. ಬೇರೆ ಗೇಟು ನೋಡ್ಕೋ."

ಹತ್ತೊಂಬತ್ತು ವರ್ಷದಿಂದ ಆ ಹೆಸರನ್ನು ಯಾರೂ ಕರೆದಿರಲಿಲ್ಲ. ಶಾಂಘೈಯಲ್ಲಿ ಅದು ನನಗೊಬ್ಬಳಿಗೇ ಗೊತ್ತಿದ್ದುದು. ಸುಯುನ್ ಕ್ಯಾಮೆರಾ ಇದೆ ಎಂಬುದನ್ನೂ ಮರೆತು ಅದರ ಮುಂದೆಯೇ ಹಾದು ಹೊರಗೆ ಓಡಿದಳು. ನಿಲುವಂಗಿ ಓಡಿತಲ್ಲ, ನಾನೂ ಓಡಿದೆ.

ನಾವು ಗೇಟು ದಾಟುವಷ್ಟರಲ್ಲಿ ತಾಯಿ ಊರ ಕಡೆಗೆ ಮುಖ ಮಾಡಿ ಹೊರಟುಬಿಟ್ಟಿದ್ದಳು. ಕಂಡದ್ದು ಬೆನ್ನು ಮಾತ್ರ. ಕೈಯಲ್ಲಿ ಬಿದಿರು ಕೋಲು, ಕೋಲಿಗೆ ಕಟ್ಟಿದ ಹತ್ತು ವರ್ಷದ ಹುಡುಗಿಯ ನೀಲಿ ಅಂಗಿ. ಹೆಜ್ಜೆಗೊಂದು ಚಿಟಿಕೆ ಅಕ್ಕಿ ಹಾಕುತ್ತಿದ್ದಳು. ಅವಳು ಮಾಡುತ್ತಿದ್ದುದೇನೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪರವೂರಲ್ಲಿ ಸತ್ತವರ ಜೀವವನ್ನು ಸತ್ತ ಜಾಗದಿಂದಲೇ ಕರೆದುಕೊಂಡು ಬರಬೇಕು. ಕರೆಯುವವಳು ಮುಂದೆ, ಮನೆಯವರೊಬ್ಬರು ಹಿಂದೆ. ಅವಳು "ಬಾ" ಎಂದಾಗಲೆಲ್ಲ ಹಿಂದಿನವರು "ಬಂದೆ" ಎನ್ನಬೇಕು. ಮನೆಯ ಹೊಸಿಲು ದಾಟುವವರೆಗೆ ಕರೆಯುವವಳು ತಿರುಗಿ ನೋಡಬಾರದು. ನೋಡಿದರೆ ಜೀವ ಬೆದರಿ ಅಲ್ಲೇ ತಪ್ಪಿಸಿಕೊಳ್ಳುತ್ತದೆ. ಇವಳ ಹಿಂದೆ "ಬಂದೆ" ಎನ್ನಲು ಯಾರೂ ಇರಲಿಲ್ಲ. ಒಬ್ಬಳೇ ಬಂದಿದ್ದಳು.

"ಅಮ್ಮಾ," ಎಂದಳು ಸುಯುನ್.

ತಾಯಿಯ ಹೆಜ್ಜೆ ಒಂದು ಸಲ ತಡವರಿಸಿತು. ತಿರುಗಲಿಲ್ಲ. "ಆಚಾನ್, ಮನೆಗೆ ಬಾ."

"ಬಂದೆ," ಎಂದಳು ಸುಯುನ್. ಅವಳ ಬಾಯಿಂದ ಅದು ತಾನಾಗಿಯೇ ಬಂತು.

ಹಿಂದಿನಿಂದ ಲೂ ಗೇಟಿಗೆ ಬಂದು ಕೂಗಿದ. "ಸುಯುನ್, ಬೆಳಕು ಹೋಗ್ತಿದೆ. ಸಂಜೆ ತನಕ ಕಾಯ್ತೀನಿ. ಬರಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಆ ಜಾಗದಲ್ಲಿ ಬೇರೆಯವಳು ನಿಂತಿರ್ತಾಳೆ, ತಿಳ್ಕೋ." ಲೂ ಬಾಯಿಮಾತಿನ ಮನುಷ್ಯನಲ್ಲ, ಹೇಳಿದರೆ ಮಾಡುವವನು. ಸುಯುನ್ ರಸ್ತೆಯ ನಡುವೆ ನಿಂತುಬಿಟ್ಟಳು. ಗೇಟಿನತ್ತ ನೋಡಿದಳು, ಅಮ್ಮನ ಬೆನ್ನಿನತ್ತ ನೋಡಿದಳು. ನಾನು ಅವಳ ತೋಳು ಹಿಡಿದು, "ನೀನು ಹೋಗು ಒಳಗೆ. ನಿಮ್ಮಮ್ಮನ್ನ ನಾನು ನೋಡ್ಕೋತೀನಿ, ಕೈಕಾಲು ಹಿಡಿದಾದ್ರೂ ಇಲ್ಲೇ ಕೂರಿಸ್ತೀನಿ," ಎಂದೆ. ಅವಳು ಒಂದು ಹೆಜ್ಜೆ ಹಿಂದಕ್ಕಿಟ್ಟದ್ದೂ ಹೌದು.

ಆಗ ಮುಂದಿನಿಂದ ಮತ್ತೆ ದನಿ ಬಂತು. "ಆಚಾನ್, ಟ್ರಾಮಿನ ಹಳಿ ಇದೆ. ನೋಡ್ಕೊಂಡು ದಾಟು ಮಗಾ."

ಸುಯುನ್ ತೋಳು ಬಿಡಿಸಿಕೊಂಡಳು. "ಬಂದೆ," ಎಂದು ಹಳಿ ದಾಟಿದಳು.

ಅವಳು ಸುಮ್ಮನೆ ಹಿಂದೆ ಹೋದಳೆಂದು ತಿಳಿಯಬೇಡಿ. ಎರಡು ಬೀದಿ ಆದಮೇಲೆ ಓಡಿ ಹೋಗಿ ಎದುರಿಗೇ ನಿಂತಳು. ತಾಯಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಕೋಲು ಚಾಚಿ ದಾರಿ ತಡವುತ್ತ ನಡೆದಳು. ಎದುರಿನಿಂದ ರಿಕ್ಷಾ ಬರುತ್ತಿತ್ತು. ಹೆದರಿ ಸುಯುನ್ ಪಕ್ಕಕ್ಕೆ ಸರಿದು ಮತ್ತೆ ಹಿಂದಕ್ಕೆ ಬಂದಳು.

"ಅಮ್ಮಾ, ನಾನು ಬದುಕಿದ್ದೀನಮ್ಮ. ಅದು ಸಿನಿಮಾ. ಸತ್ತ ಹಾಗೆ ಮಾಡಿದ್ದು."

"ಹೂಂ ಕಣೆ, ಸತ್ತವರೆಲ್ಲ ಹಾಗೇ ಹೇಳೋದು. ಬಾ."

"ಇವರನ್ನ ಕೇಳು ಬೇಕಾದ್ರೆ. ಪೆಟ್ಟಿಗೆಯಕ್ಕ, ಹೇಳು."

"ಬದುಕಿದ್ದಾಳೆ ತಾಯಿ," ಎಂದೆ ನಾನು. "ಮೈಮೇಲಿರೋ ಬಾಡಿಗೆ ಬಟ್ಟೇನ ಕೆಸರಲ್ಲಿ ಎಳ್ಕೊಂಡು ಬರ್ತಿದ್ದಾಳೆ. ಜೀವ ಆಗಿದ್ರೆ ನಂಗಿಷ್ಟು ಕಷ್ಟ ಇರ್ತಿರಲಿಲ್ಲ."

ತಾಯಿ ಒಂದು ಚಿಟಿಕೆ ಅಕ್ಕಿ ಹಾಕಿದಳು.

ಸಾಂಗ್‌ತಾಂಗ್‌ಗೆ ಉಗಿದೋಣಿಯೊಂದು ಆರು ದೋಣಿಗಳನ್ನು ಎಳೆದುಕೊಂಡು ಹೋಗುತ್ತದೆ, ಮರುದಿನ ಬೆಳಿಗ್ಗೆ ಮುಟ್ಟುತ್ತದೆ. ತಾಯಿ ಕೊನೆಯ ದೋಣಿಯ ಮೂತಿಯಲ್ಲಿ ನೀರಿಗೆ ಮುಖ ಮಾಡಿ ಕೂತಳು. ನಾವು ಅವಳ ಬೆನ್ನಿಗೆ. ಬೆಳ್ಳಗೆ ಬಳಿದ ಮುಖ, ಕಪ್ಪು ತುಟಿ, ಬೆಳ್ಳಿ ನಿಲುವಂಗಿಯ ಇವಳನ್ನು ಕಂಡು ಒಬ್ಬ ಹಂದಿ ವ್ಯಾಪಾರಿ ಬೇರೆ ದೋಣಿಗೆ ಹೋಗಿ ಕೂತ. ಪ್ರತಿ ಸೇತುವೆಗೂ ತಾಯಿ ಹೇಳುತ್ತಿದ್ದಳು, "ಆಚಾನ್, ಸೇತುವೆ ಬಂತು." ಇವಳು "ಬಂದೆ" ಎನ್ನುತ್ತಿದ್ದಳು. ಹೂಚೌ ದಾರಿಯಲ್ಲಿ ಎಷ್ಟು ಸೇತುವೆಗಳಿವೆಯೆಂದು ನನಗೆ ಗೊತ್ತಾದದ್ದು ಅವತ್ತೇ.

ಸಂಜೆ ಹೊತ್ತಿಗೆ ತಾಯಿ ಗಂಟು ಬಿಚ್ಚಿ, ಬಿದಿರೆಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಕಡುಬು ತೆಗೆದಳು. ಜೀವದ ಪಾಲು ಎಂದು ಎರಡನ್ನು ನೋಡದೆ ಕೈ ಹಿಂದಕ್ಕೆ ಮಾಡಿ ಬಟ್ಟಲಲ್ಲಿ ಇಟ್ಟಳು. ಬೆಳಗಿನಿಂದ ಉಪವಾಸವಿದ್ದ ಸುಯುನ್ ಎರಡನ್ನೂ ತಿಂದು ಎಲೆಯನ್ನೂ ನೆಕ್ಕಿದಳು. ತಾಯಿ ಬಟ್ಟಲು ಎಳೆದುಕೊಂಡು ತಡವಿದಳು. ಖಾಲಿ. ಇನ್ನೂ ಎರಡು ಇಟ್ಟಳು. ಅವೂ ಖಾಲಿ.

ಚುಕ್ಕಾಣಿಯವನು ಕೆಮ್ಮಿದ. "ನಿಮ್ಮ ಜೀವಕ್ಕೆ ಹಸಿವು ಜಾಸ್ತಿ ಕಣಜ್ಜಿ."

"ಚಿಕ್ಕಂದಿನಿಂದಲೂ ಹಾಗೇ," ಎಂದಳು ತಾಯಿ.

ಸುಯುನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗುತ್ತಿದ್ದಾಳೆಂದುಕೊಂಡೆ. ಬಿಳಿ ಬಣ್ಣದ ಮೇಲೆ ಎರಡು ಗೆರೆ ಇಳಿದಿದ್ದವು. ಹತ್ತೊಂಬತ್ತು ವರ್ಷದಲ್ಲಿ ಅವಳು ನಟನೆಯಲ್ಲದೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಆಮೇಲೆ ಅವಳು ತಾನು ಬದುಕಿದ್ದೇನೆಂದು ಹೇಳಲು ಹೋಗಲಿಲ್ಲ. ಕೇಳಿದಾಗಲೆಲ್ಲ "ಬಂದೆ" ಎಂದಳು.

ಬೆಳಿಗ್ಗೆ ಸಾಂಗ್‌ತಾಂಗ್ ಬಂತು. ದೋಣಿ ನಿಲ್ಲುವ ಕಟ್ಟೆಯಿಂದ ಮನೆಯವರೆಗೆ ಬೀದಿಯ ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಜೀವ ಕರೆತರುವವಳನ್ನು ತಡೆಯಬಾರದು, ಮಾತಾಡಿಸಬಾರದು. ಹಿಂದೆ ಬರುತ್ತಿದ್ದ ಬಿಳಿ ಮುಖವನ್ನು ಕಂಡು ಎಷ್ಟೋ ಜನ ಕಣ್ಣು ಮುಚ್ಚಿಕೊಂಡರು. ಮನೆಯ ಬಾಗಿಲಲ್ಲಿ ದೊಡ್ಡಪ್ಪ ಅದೇ ಮಣೆಯ ಮೇಲೆ ಕೂತಿದ್ದ. ಮುದುಕನ ಕಣ್ಣು ಮಂಜಾಗಿದ್ದರೂ ಕುರುಡಾಗಿರಲಿಲ್ಲ.

"ಏನಿದು? ಇವಳು ಬದುಕಿದ್ದಾಳಲ್ಲ," ಎಂದು ಕೋಲು ಅಡ್ಡ ಹಿಡಿದ.

ತಾಯಿ ನಿಂತಳು. ತಲೆ ತಗ್ಗಿಸಿಕೊಂಡೇ ಹೇಳಿದಳು, "ನಾನು ಕರೆಯೋಕೆ ಹೋಗಿದ್ದು ಸತ್ತ ಮಗಳನ್ನ, ಭಾವ. ಬಂದಿರೋದು ಯಾರು ಅಂತ ಹೊಸಿಲು ದಾಟಿದ ಮೇಲೆ ನೋಡ್ತೀನಿ. ದಾರಿ ಬಿಡಿ."

"ಆಟದವಳು ಈ ಮನೆಗೆ..."

"ಜೀವಕ್ಕೆ ಅಡ್ಡ ನಿಂತವರ ಮನೇಲಿ ಹುಳು ಉಳಿಯಲ್ಲ ಭಾವ. ಬೀದಿಯವರೆಲ್ಲ ನೋಡ್ತಿದ್ದಾರೆ."

ಹೌದು, ಬೀದಿಯೆಲ್ಲ ನೋಡುತ್ತಿತ್ತು. ಹುಳು ಮೊಟ್ಟೆಯೊಡೆಯುವ ತಿಂಗಳು ಅದು, ಮನೆಮನೆಯಲ್ಲೂ ಅದೇ ಭಯ. ಯಾರೋ ಹೆಂಗಸು ಹಿಂದಿನಿಂದ, "ಏಳಿ ತಾತ, ನಮ್ಮ ಹುಳುಗೂ ಯಾಕೆ ಕೇಡು ತರ್ತೀರಿ," ಎಂದಳು. ಮುದುಕ ಗೊಣಗಿಕೊಂಡು ಎದ್ದ. ಅವನ ಮಣೆಯನ್ನು ಕಾಲಿಂದ ಆಚೆ ತಳ್ಳಿದವಳು ನಾನೇ. ಅದರಷ್ಟು ಸುಖ ಕೊಟ್ಟ ಕೆಲಸ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ತಾಯಿ ಒಳಗೆ ಕಾಲಿಟ್ಟಳು. "ಆಚಾನ್, ಹೊಸಿಲು ಇದೆ. ದಾಟು."

ಸುಯುನ್ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಳು. ದಾಟಿದಳು. "ಬಂದೆ ಅಮ್ಮ."

ಆಗ ತಾಯಿ ತಿರುಗಿದಳು. ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ನಮ್ಮ ಕಡೆಯ ಹೆಂಗಸರು ಅಂಗಿಯ ತೋಳಲ್ಲೇ ಒರೆಸುವುದು. ತೋಳಿಗೆ ಉಗುಳು ಹಚ್ಚಿ ಆ ಬಿಳಿ ಬಣ್ಣ ಒರೆಸತೊಡಗಿದಳು. "ಇಷ್ಟು ಸುಣ್ಣ ಯಾಕೆ ಬಳೀತಾರೆ ನಿಂಗೆ," ಎಂದಳು. ಅಷ್ಟೇ ಹೇಳಿದ್ದು. ಸುಯುನ್ ಅಲ್ಲೇ ನೆಲದ ಮೇಲೆ ಕೂತು ತಾಯಿಯ ಮಡಿಲಲ್ಲಿ ಮುಖ ಇಟ್ಟಳು.

ಲೂ ಹೇಳಿದಂತೆಯೇ ಮಾಡಿದ. ನಾವು ಹಿಂತಿರುಗುವಷ್ಟರಲ್ಲಿ ಮಂತ್ರಿಯ ಮಗಳ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ಅವಳು ಆ ಒಂದು ಚಿತ್ರದಿಂದ ಮನೆಮಾತಾದಳು, ಸೋಪಿನ ಡಬ್ಬಿಯ ಮೇಲೂ ಅವಳದೇ ಮುಖ ಬಂತು. ಸುಯುನ್‌ಗೆ ಆಮೇಲೆ ಯಾರೂ ನಾಯಕಿಯ ಪಾತ್ರ ಕೊಡಲಿಲ್ಲ. ನಡುವೆ ಎದ್ದು ಹೋಗುವವಳು ಎಂಬ ಹೆಸರು ಅಂಟಿಕೊಂಡಿತು. ಮಾತಿನ ಚಿತ್ರಗಳು ಬಂದಮೇಲೆ ಒಡೆದ ಗಂಟಲಿನವಳಿಗೆ ಅಜ್ಜಿ, ದಾಸಿಯರ ಪಾತ್ರವೂ ದುರ್ಲಭವಾಯಿತು. ಆದರೆ ಪ್ರತಿ ವಸಂತದಲ್ಲೂ ಅವಳು ಸಾಂಗ್‌ತಾಂಗ್‌ಗೆ ಹೋದಳು. ಒಮ್ಮೆ ಒಳಗೆ ಬಂದ ಜೀವವನ್ನು ಯಾರೂ ಹೊರಗೆ ಹಾಕುವ ಹಾಗಿಲ್ಲ, ದೊಡ್ಡಪ್ಪ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ತಾಯಿ ತೀರಿಕೊಂಡಾಗ ತಲೆ ಹತ್ತಿರ ಕೂತಿದ್ದವಳು ಸುಯುನ್.

ಆ ಸೋಪಿನ ಡಬ್ಬಿ ಕಂಡಾಗಲೆಲ್ಲ ಅವಳು ಒಂದು ನಗು ನಗುತ್ತಿದ್ದಳು. "ಪಾಪ ಅಮ್ಮ. ಅವಳಿಗೇನು ಗೊತ್ತು ಸಿನಿಮಾ ಅಂದ್ರೆ. ನಿಜವಾಗಿ ಸತ್ತೆ ಅಂದ್ಕೊಂಡ್ಲು," ಎನ್ನುತ್ತಿದ್ದಳು. ಅಮ್ಮ ಗೊತ್ತಿಲ್ಲದೆ ಮಾಡಿದಳೆಂಬ ಆ ನಂಬಿಕೆಯಿಂದಲೇ ಅವಳು ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಾನು ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಈಗ ಇಬ್ಬರೂ ಇಲ್ಲ. ಹೇಳಿಬಿಡುತ್ತೇನೆ.

ಹೊಸಿಲು ದಾಟಿದ ದಿನ ಮಧ್ಯಾಹ್ನ ಸುಯುನ್ ಒಳಗೆ ನಿದ್ದೆಹೋಗಿದ್ದಳು. ನಾನು ಕಾಲುವೆ ಮೆಟ್ಟಿಲಲ್ಲಿ ನಿಲುವಂಗಿಯ ಕೆಸರು ತೊಳೆಯುತ್ತಿದ್ದೆ. ತಾಯಿ ಬಂದು ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು. ಕೇಳದೆ ಇರಲಾಗಲಿಲ್ಲ. "ನಿಜ ಹೇಳಿ ತಾಯಿ. ದಾರೀಲಿ ಎಲ್ಲೂ ಗೊತ್ತಾಗಲಿಲ್ವಾ ಅವಳು ಬದುಕಿದ್ದಾಳೆ ಅಂತ?"

"ಗೇಟಿನ ಹತ್ರಾನೇ ಗೊತ್ತಾಯ್ತು," ಎಂದಳು. "ಅಮ್ಮಾ ಅಂದ್ಲಲ್ಲ. ಒಂದ್ಸಲ ಈ ಬಾಗಿಲಲ್ಲಿ ನಿಂತು ಕರೆದಿದ್ಲು, ಅದೇ ದನಿ."

ನನ್ನ ಕೈ ನಿಂತಿತು. "ಮತ್ಯಾಕೆ ತಿರುಗಲಿಲ್ಲ?"

"ತಿರುಗಿದ್ರೆ ಅಲ್ಲೇ ಅತ್ತು ಮುಗಿಸ್ತಿದ್ವಿ. ಅವಳು ಆ ಗಾಜಿನ ಮನೆಗೆ ಹೋಗ್ತಿದ್ಲು, ನಾನು ದೋಣಿ ಹತ್ತುತಿದ್ದೆ. ನನ್ನ ಭಾವ ಇರೋ ತನಕ ಇವಳು ಈ ಮನೆ ಒಳಗೆ ಬರೋಕೆ ಬೇರೆ ದಾರಿ ಎಲ್ಲಿತ್ತು, ನೀನೇ ಹೇಳು. ಇದನ್ನ ಮಾತ್ರ ಅವಳಿಗೆ ಹೇಳ್ಬೇಡ."

ನನಗೆ ಕೆಟ್ಟ ಸಿಟ್ಟು ಬಂತು. ಈ ಹೆಂಗಸು ಏನು ಮಾಡಿದಳೆಂದು ಇವಳಿಗೇ ತಿಳಿದಿಲ್ಲವಲ್ಲ ಎನಿಸಿತು. "ಅವಳ ಜೀವಮಾನದ ಕೆಲಸ ಹೋಯ್ತು, ಗೊತ್ತಾ ನಿಮಗೆ?" ಎಂದೆ.

ಅವಳು ಬಟ್ಟೆಯನ್ನು ಇನ್ನೊಂದು ಸುತ್ತು ತಿರುಚಿದಳು. ನೀರು ಸುರಿಯಿತು.

"ಗೊತ್ತು," ಎಂದಳು. "ಆ ಮನುಷ್ಯ ಗೇಟಲ್ಲಿ ನಿಂತು ಕೂಗಿದ್ದು ನಂಗೂ ಕೇಳಿಸ್ತು. ಅದಕ್ಕೇ ಇನ್ನೊಂದು ಸಲ ಕರೆದೆ."